ತಗಡಿನ ಡಬ್ಬಿಯೊಳಗೆ ಒಂದು ಎಕರೆ ಹನ್ನೆರಡು ಗುಂಟೆ

ಸ್ವಿಚ್ ಒತ್ತಿದ್ದೇ ತಡ, ಒಂಬತ್ತು ಇಂಚಿನ ಆ ಪುಟ್ಟ ಪರದೆಯ ತುಂಬ ಕಪ್ಪು ಬಿಳುಪು ಪಟ್ಟೆಗಳು! ಮೇಲಿಂದ ಕೆಳಗಿನವರೆಗೆ ಅಡ್ಡಡ್ಡ, ಸಾಲುಸಾಲು. ಕಂಪ್ಯೂಟರ್ ಎದ್ದಾಗ ಕೇಳಬೇಕಾದ ನಾದವಿಲ್ಲ, ನಗುಮುಖದ ಚಿತ್ರವಿಲ್ಲ, ಮೌಸ್ ಅಲ್ಲಾಡಿಸಿದರೆ ಬಾಣವಿಲ್ಲ. ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿದವರ ಲೋಕದಲ್ಲಿ ಈ ಸ್ಥಿತಿಗೆ ‘ಸಿಮಾಸಿಮ್ಯಾಕ್’ ಅನ್ನುವ ಹೆಸರೇ ಇದೆ. ಈ ಪಟ್ಟೆಗಳನ್ನು ಮೊದಲ ಸಲ ಕಂಡವರು ಕಂಪ್ಯೂಟರ್ ಸತ್ತಿತು ಅಂದುಕೊಳ್ಳುತ್ತಾರೆ. ಸತ್ತಿಲ್ಲ! ಚಿತ್ರಗಳಿಗೆಂದೇ ಇರುವ ಮೆಮೊರಿಯಲ್ಲಿ ಕರೆಂಟು ಬಂದ ಕ್ಷಣಕ್ಕೆ ತಾನಾಗಿ ಮೂಡಿದ ಗೊಂದಲವೇ ಆ ಪಟ್ಟೆಗಳು. ಅದನ್ನು ಒರೆಸಿ ಬೂದು ಬಣ್ಣ ಬಳಿಯಬೇಕಾದ ಪ್ರೊಸೆಸರ್ ಇನ್ನೂ ಆ ಕೆಲಸದವರೆಗೆ ತಲುಪಿಲ್ಲ, ಅಷ್ಟೆ.

ಇದು 1989ರ ಜನವರಿಯಲ್ಲಿ ಆಪಲ್ ಕಂಪನಿ ಹೊರತಂದ ಮ್ಯಾಕಿಂಟಾಷ್ ಎಸ್‌ಇ/30. ಒಂದೇ ಡಬ್ಬಿಯಲ್ಲಿ ಪರದೆ, ಫ್ಲಾಪಿ, ಹಾರ್ಡ್ ಡಿಸ್ಕ್ ಎಲ್ಲ. ಮೇಲೆ ಎತ್ತಿಕೊಂಡು ಹೋಗಲು ಒಂದು ಹಿಡಿ. ಒಳಗೆ ಮೋಟೊರೋಲಾ 68030 ಎಂಬ ಚಿಪ್ಪು. ಅದರಲ್ಲಿ ಸುಮಾರು 2,73,000 ಟ್ರಾನ್ಸಿಸ್ಟರುಗಳು, ಸೆಕೆಂಡಿಗೆ ಸುಮಾರು 1.6 ಕೋಟಿ ಬಡಿತ. ಪರದೆಯಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 342 ಚುಕ್ಕಿ, ಬಣ್ಣ ಎರಡೇ. ಆ ಕಾಲದ ಕಂಪ್ಯೂಟರುಗಳು ಒಂದೋ ನಾಲ್ಕೋ ಮೆಗಾಬೈಟ್ ಮೆಮೊರಿಯಲ್ಲಿ ಸಂಸಾರ ಮಾಡುತ್ತಿದ್ದಾಗ ಇದಕ್ಕೆ 128 ಮೆಗಾಬೈಟ್‌ವರೆಗೆ ತುಂಬಲು ಜಾಗವಿತ್ತು! ಪುಟ್ಟ ಮ್ಯಾಕ್‌ಗಳಲ್ಲಿ ಇದಕ್ಕಿಂತ ಚೆಲುವಾದದ್ದು ಇನ್ನೊಂದು ಬರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಕೈಕೊಟ್ಟದ್ದು ಯಾರು? ಪ್ರೊಸೆಸರ್ ಅಲ್ಲ, ಸಿಲಿಕಾನ್ ಮೂವತ್ತೈದು ವರ್ಷಕ್ಕೆಲ್ಲ ಮುದಿಯಾಗುವುದಿಲ್ಲ. ಮೆಮೊರಿಯಲ್ಲ, ಪರದೆಯೂ ಅಲ್ಲ. ಬೋರ್ಡಿನ ಮೇಲೆ ಅಲ್ಲಲ್ಲಿ ಕೂತಿರುವ, ಅಗಲದಲ್ಲಿ ಸುಮಾರು 6 ಮಿಲಿಮೀಟರ್ ಇರುವ, ಬೆಳ್ಳಿ ಬಣ್ಣದ ತಗಡಿನ ಡಬ್ಬಿಗಳು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಫ್ಯಾನು ಸುಸ್ತಾಗಿ ತಿರುಗತೊಡಗಿದಾಗ ಎಲೆಕ್ಟ್ರಿಷಿಯನ್ ಬಂದು ಬದಲಿಸುವ, ರೇಡಿಯೋ ರಿಪೇರಿಯವರು ಕಂಡೆನ್ಸರ್ ಅನ್ನುತ್ತಿದ್ದ ವಸ್ತುವಿನ ದಾಯಾದಿಗಳು ಇವು. ಬ್ಯಾಟರಿಯನ್ನು ಬಿಟ್ಟರೆ ಇಡೀ ಬೋರ್ಡಿನಲ್ಲಿ ಒಳಗೆ ಒದ್ದೆ ಇಟ್ಟುಕೊಂಡಿರುವ ಭಾಗ ಇದೊಂದೇ. ಲಕ್ಷಗಟ್ಟಲೆ ಟ್ರಾನ್ಸಿಸ್ಟರುಗಳ ಲೆಕ್ಕಾಚಾರವೆಲ್ಲ ಕೊನೆಗೆ ನಿಂತಿರುವುದು ಒಂದಿಷ್ಟು ಒದ್ದೆ ಕಾಗದದ ಮೇಲೆ!

ಆ ಡಬ್ಬಿಗಳವರೆಗೆ ತಲುಪುವ ದಾರಿಯಲ್ಲೇ ಒಂದು ಬೆರಗು ಕಾದಿದೆ. ಹಿಡಿಯ ಒಳಗೆ ಆಳದಲ್ಲಿ ಅಡಗಿರುವ ನಕ್ಷತ್ರಾಕಾರದ ಸ್ಕ್ರೂಗಳನ್ನು ಉದ್ದನೆಯ ಟಿ-15 ಸ್ಕ್ರೂಡ್ರೈವರಿನಿಂದ ಬಿಚ್ಚಿ ಹಿಂಬದಿಯ ಕವಚ ಎಳೆದರೆ ಎದುರಿಗೆ ಬರುವುದು ಪಿಕ್ಚರ್ ಟ್ಯೂಬು. ಅದಕ್ಕೆ ಸುಮಾರು 12,000 ವೋಲ್ಟ್ ಹೋಗುತ್ತದೆ, ಪ್ಲಗ್ ಕಿತ್ತ ಮೇಲೂ ಆ ವಿದ್ಯುತ್ತು ಅಲ್ಲೇ ಉಳಿದಿರಬಹುದು. ಏಕೆ ಗೊತ್ತೇ? ಗಾಜಿನ ಹೊರಮೈಗೆ ಬಳಿದದ್ದು ಗ್ರಾಫೈಟಿನ ಕಪ್ಪು ಲೇಪ, ಒಳಮೈಯಲ್ಲಿ ಇನ್ನೊಂದು ವಾಹಕ ಲೇಪ, ನಡುವೆ ಗಾಜು. 1745ರಲ್ಲಿ ಜರ್ಮನಿಯ ಫಾನ್ ಕ್ಲೈಸ್ಟ್, ಅದಾದ ಕೆಲವೇ ತಿಂಗಳಲ್ಲಿ ಹಾಲೆಂಡಿನ ಲೈಡನ್ ನಗರದ ಮುಷೆನ್‌ಬ್ರೂಕ್, ಒಬ್ಬರಿಗೊಬ್ಬರು ಗೊತ್ತಿಲ್ಲದೆಯೇ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಹಿಡಿದಿಟ್ಟರಲ್ಲ, ಆ ಲೈಡನ್ ಜಾಡಿ, ಲೋಕದ ಮೊದಲ ಕೆಪಾಸಿಟರ್, ಅದೇ ಇಲ್ಲಿ ಪಿಕ್ಚರ್ ಟ್ಯೂಬಿನ ವೇಷದಲ್ಲಿ ಕೂತಿದೆ! ಪ್ಲಗ್ ಕಿತ್ತು, ಚಾಸಿಗೆ ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಒಂದೇ ಕೈಯಲ್ಲಿ ಹಿಡಿದು, ಟ್ಯೂಬಿನ ರಬ್ಬರ್ ಟೋಪಿಯ ಅಡಿಗೆ ತೂರಿಸಿ ಅದನ್ನು ಬರಿದು ಮಾಡಬೇಕು. ಇದನ್ನು ತಿಳಿದವರ ಪಕ್ಕ ನಿಂತು ಕಲಿಯಿರಿ. ಓದಿ ಕಲಿಯುವ ಕೆಲಸ ಇದಲ್ಲ.

ಈಗ ಬೋರ್ಡು ಹೊರಗೆ ಬಂತು. ಒಂದು ಡಬ್ಬಿಯನ್ನು ಭೂತಗನ್ನಡಿಯ ಕೆಳಗೆ ಹಿಡಿಯಿರಿ. ತಲೆಯ ಮೇಲೆ ‘47’, ‘16ವಿ’ ಎಂಬ ಅಕ್ಷರಗಳು. 47 ಮೈಕ್ರೋಫ್ಯಾರಡ್, 16 ವೋಲ್ಟ್. ಈ ಸಂಖ್ಯೆಯ ಅರ್ಥ ಏನೆಂದು ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಾಗ ನನಗೆ ನಿಂತ ನೆಲವೇ ಅಲುಗಿದಂತಾಯಿತು. ಕೆಪಾಸಿಟರ್ ಎಂದರೆ ಎದುರುಬದುರು ಇಟ್ಟ ಎರಡು ಲೋಹದ ತಗಡು, ನಡುವೆ ವಿದ್ಯುತ್ ಹರಿಯದ ಒಂದು ಪದರ. ತಗಡು ದೊಡ್ಡದಾದಷ್ಟೂ, ನಡುವಿನ ಪದರ ತೆಳ್ಳಗಾದಷ್ಟೂ ಅದು ಹೆಚ್ಚು ವಿದ್ಯುತ್ತನ್ನು ಹಿಡಿಯುತ್ತದೆ. ಎರಡು ತಗಡುಗಳ ನಡುವೆ ಒಂದು ಮಿಲಿಮೀಟರ್ ಗಾಳಿ ಬಿಟ್ಟು 47 ಮೈಕ್ರೋಫ್ಯಾರಡ್ ಪಡೆಯಬೇಕಾದರೆ ಒಂದೊಂದು ತಗಡೂ ಎಷ್ಟು ದೊಡ್ಡದಿರಬೇಕು? ಸುಮಾರು 5,300 ಚದರ ಮೀಟರ್. ಪಹಣಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಎಕರೆ ಹನ್ನೆರಡು ಗುಂಟೆ! ಅಷ್ಟು ಜಮೀನನ್ನು ಬೆರಳ ತುದಿಯ ಮೇಲೆ ನಿಲ್ಲುವ ಡಬ್ಬಿಗೆ ತುಂಬಿದ್ದಾರೆ.

ಹೇಗೆ ತುಂಬಿದರು? ಡಬ್ಬಿಯನ್ನು ಬಿಚ್ಚಿದರೆ ಸುರುಳಿ ಸುತ್ತಿದ ಎರಡು ಅಲ್ಯೂಮಿನಿಯಂ ಹಾಳೆಗಳು, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ಒಂದು ಹಾಳೆಯ ಮೈಯನ್ನು ಆಮ್ಲದಲ್ಲಿ ಕೊರೆದು, ಬರಿಗಣ್ಣಿಗೆ ಕಾಣದ ಕೋಟ್ಯಂತರ ಸುರಂಗಗಳನ್ನು ಮಾಡಿರುತ್ತಾರೆ. ಹಾಗಾಗಿ ಹಾಳೆಯ ಅಳತೆಗಿಂತ ಅದರ ನಿಜವಾದ ಮೈ ಹತ್ತಾರು ಪಟ್ಟು ಹೆಚ್ಚು. ಬಳಿಕ ಆ ಮೈಯ ಮೇಲೆ, ಪ್ರತಿ ಸುರಂಗದ ಒಳಗೋಡೆಯ ಮೇಲೂ, ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ಆಕ್ಸೈಡಿನ ಪದರ ಬೆಳೆಸುತ್ತಾರೆ. ವಿದ್ಯುತ್ ಹರಿಯಗೊಡದ ಪದರ ಅದೇ. ಅದರ ದಪ್ಪ ಒಂದೊಂದು ವೋಲ್ಟಿಗೆ ಒಂದೂಕಾಲು ನ್ಯಾನೋಮೀಟರಿನ ಆಸುಪಾಸು. 16 ವೋಲ್ಟಿನ ಡಬ್ಬಿಗೆ, ಸುರಕ್ಷತೆಗೆಂದು ಬಿಟ್ಟ ಹೆಚ್ಚುವರಿಯೂ ಸೇರಿ, ಸುಮಾರು 30 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಮೂವತ್ತಮೂರು ಸಾವಿರ ಭಾಗ ಮಾಡಿ ಒಂದು ಭಾಗ ಎತ್ತಿಕೊಳ್ಳಿ, ಅಷ್ಟೇ ದಪ್ಪ. ಆ ಪದರಕ್ಕೆ ಬೇಕಾದ ವಿಸ್ತಾರ ಸುಮಾರು 175 ಚದರ ಸೆಂಟಿಮೀಟರಿಗೆ ಇಳಿಯುತ್ತದೆ. ಕೊರೆದ ಹಾಳೆಯಲ್ಲಿ ಅಷ್ಟು ಮೈ ಸಲೀಸಾಗಿ ಸಿಗುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಬೋರ್ಡಿನ ಹೆಚ್ಚಿನ ಚಿಪ್ಪುಗಳಿಗೆ ಹೋಗುವುದು ಬರೀ 5 ವೋಲ್ಟ್. ಕೈಯಲ್ಲಿ ಮುಟ್ಟಿದರೆ ಗೊತ್ತೂ ಆಗದು. ಆದರೆ ಆ 5 ವೋಲ್ಟ್ 30 ನ್ಯಾನೋಮೀಟರಿನ ಆಚೀಚೆ ನಿಂತಾಗ ಅದರ ಒತ್ತಡ ಮೀಟರಿಗೆ 16 ಕೋಟಿ ವೋಲ್ಟಿಗೂ ಮಿಕ್ಕುತ್ತದೆ. ಒಣಗಾಳಿಯನ್ನು ಸೀಳಿ ಕಿಡಿ ಹಾರಲು ಮೀಟರಿಗೆ 30 ಲಕ್ಷ ವೋಲ್ಟ್ ಸಾಕು. ಅಂದರೆ ಗಾಳಿಯನ್ನು ಸೀಳಬಲ್ಲ ಒತ್ತಡದ ಐವತ್ತು ಪಟ್ಟನ್ನು ಆ ಪದರ ತಡೆದು ನಿಂತಿದೆ, ಸದ್ದಿಲ್ಲದೆ, ವರ್ಷಾನುಗಟ್ಟಲೆ! ಎಲ್ಲಾದರೂ ಬಿರುಕು ಬಿಟ್ಟರೆ? ನೆನೆದ ಕಾಗದದ ದ್ರಾವಣವೇ ಆಮ್ಲಜನಕ ಒದಗಿಸಿ ಅಲ್ಲಿ ಹೊಸ ಆಕ್ಸೈಡ್ ಬೆಳೆಸುತ್ತದೆ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ಬಿಡಿಭಾಗ! 1896ರಲ್ಲಿ ಪೋಲೆಂಡಿನ ಕರೋಲ್ ಪೊಲ್ಲಾಕ್ ಇದರ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವರು ಬಳಸಿದ್ದ ದ್ರಾವಣ ಬೊರಾಕ್ಸಿನದು, ನಮ್ಮ ಅಕ್ಕಸಾಲಿಗರು ಬೆಸುಗೆಗೆ ಹಚ್ಚುವ ಬಿಳಿಗಾರ.

ಇವು ಮಾಡುವ ಕೆಲಸವೂ ಸಣ್ಣದಲ್ಲ. ಚಿಪ್ಪಿನೊಳಗೆ ಸಾವಿರಾರು ಟ್ರಾನ್ಸಿಸ್ಟರುಗಳು ಒಟ್ಟಿಗೆ ಮಗ್ಗುಲು ಬದಲಿಸಿದಾಗ ತಟಕ್ಕನೆ ಕರೆಂಟು ಬೇಕಾಗುತ್ತದೆ. ದೂರದ ಪವರ್ ಸಪ್ಲೈ ಅಷ್ಟು ಚುರುಕಾಗಿ ಒದಗಿಸಲಾರದು. ನಲ್ಲಿ ನೀರು ಯಾವಾಗ ಬಂದು ಯಾವಾಗ ಹೋದರೂ ಮಹಡಿಯ ಮೇಲಿನ ಟ್ಯಾಂಕು ಮನೆಮಂದಿಗೆ ಅದರ ಬಿಸಿ ತಟ್ಟದಂತೆ ನೋಡಿಕೊಳ್ಳುತ್ತದಲ್ಲ, ಹಾಗೆ ಕೆಪಾಸಿಟರ್ ಪಕ್ಕದಲ್ಲೇ ನಿಂತು ಕೊರತೆ ತುಂಬುತ್ತದೆ. ಕ್ಷಣಾರ್ಧದ ಎಳೆತಕ್ಕೆ ಚಿಪ್ಪಿಗೆ ಅಂಟಿಕೊಂಡಂತಿರುವ ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳಿವೆ, ಅದಕ್ಕಿಂತ ನಿಧಾನದ, ದೊಡ್ಡ ಏರಿಳಿತಕ್ಕೆ ಈ ತಗಡಿನ ಡಬ್ಬಿಗಳು. ಸ್ಪೀಕರಿಗೆ ಹೋಗುವ ಧ್ವನಿಯ ದಾರಿಯಲ್ಲೂ ಇವೇ. ಅದಕ್ಕೇ ಹಳೆಯ ಮ್ಯಾಕ್‌ಗಳಲ್ಲಿ ಮೊದಲು ಸೊರಗುವುದು ದನಿ.

ಹಾಗಾದರೆ ಏಕೆ ಕೆಟ್ಟವು? 1980ರ ದಶಕದ ಕೊನೆಗೆ ಬಿಡಿಭಾಗಗಳೆಲ್ಲ ಬೋರ್ಡಿನ ಮೇಲ್ಮೈಗೇ ಬೆಸೆಯುವಷ್ಟು ಪುಟ್ಟದಾದವು. ಡಬ್ಬಿ ಚಿಕ್ಕದಾಯಿತು, ಕೆಳಗಿನ ರಬ್ಬರ್ ಬಿರಡೆಯೂ ಚಿಕ್ಕದಾಯಿತು. ಪುಟ್ಟ ಡಬ್ಬಿಯಲ್ಲೂ ಚೆನ್ನಾಗಿ ಕೆಲಸ ಮಾಡಲೆಂದು ಕ್ವಾಟರ್ನರಿ ಅಮೋನಿಯಂ ಲವಣಗಳ ಹೊಸ ದ್ರಾವಣ ಬಂತು. ಆ ದ್ರಾವಣ ಮೈನಸ್ ಕಾಲಿನ ಬುಡದಲ್ಲಿ ಕ್ಷಾರವಾಗಿ ಮಾರ್ಪಟ್ಟು, ತನ್ನನ್ನು ಮುಚ್ಚಿಟ್ಟ ರಬ್ಬರನ್ನೇ ಮೆಲ್ಲಮೆಲ್ಲನೆ ತಿಂದು ಹೊರಗೆ ಜಿನುಗಿತು. ಕಂಪ್ಯೂಟರನ್ನು ಬಳಸದೆ ಅಟ್ಟಕ್ಕೆ ಹಾಕಿದ್ದರೂ ಜಿನುಗಿತು! ಮೇಲಾಗಿ ಬಿಸಿ. ತಂಪು ಹತ್ತು ಡಿಗ್ರಿ ಹೆಚ್ಚಿದಷ್ಟೂ ಇವುಗಳ ಆಯುಸ್ಸು ದುಪ್ಪಟ್ಟು, ಬಿಸಿ ಹತ್ತು ಡಿಗ್ರಿ ಹೆಚ್ಚಿದಷ್ಟೂ ಅರ್ಧಕ್ಕರ್ಧ ಎಂಬುದು ಎಂಜಿನಿಯರುಗಳ ಹಳೆಯ ಲೆಕ್ಕ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂಥದು 45 ಡಿಗ್ರಿಯಲ್ಲಿ 32,000 ಗಂಟೆ. ಹಗಲಿರುಳು ನಡೆಸಿದರೆ ಮೂರೂವರೆ ವರ್ಷ ದಾಟುತ್ತದೆ, ಅಷ್ಟೆ. ಅದು ಮೂರು ದಶಕ ಎಳೆದದ್ದೇ ಸೋಜಿಗ.

ಜಿನುಗಿದ ದ್ರಾವಣ ಬೋರ್ಡಿನ ಮೇಲೆ ಹೇಗೆ ಕಾಣುತ್ತದೆ? ಬೆಸುಗೆಯ ಹೊಳಪು ಹೋಗಿ ಮಂಕು ಬೂದಿ ಬಣ್ಣ. ಚಿಪ್ಪಿನ ಕಾಲುಗಳ ಸಂದಿಯಲ್ಲಿ ಜಿಡ್ಡು. ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕರೆಂಟು ಹರಿಯಬಾರದ ಕಡೆ ಹರಿಸುತ್ತದೆ, ಹರಿಯಬೇಕಾದ ಗೆರೆಯನ್ನು ಕೊರೆದು ತುಂಡರಿಸುತ್ತದೆ. ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಮೋಸವಿಲ್ಲ. ಕಾದ ಸೋಲ್ಡರಿಂಗ್ ಐರನ್ ತಾಗಿಸಿದ ಕೂಡಲೇ ಮೀನಿನ ವಾಸನೆ! ಆ ಲವಣಗಳು ಕಾದು ಒಡೆದಾಗ ಹೊಮ್ಮುವುದು ಅಮೀನ್ ಎಂಬ ರಾಸಾಯನಿಕಗಳು, ಹಳಸಿದ ಮೀನಿನ ನಾತಕ್ಕೂ ಕಾರಣ ಅದೇ ಕುಟುಂಬದ್ದು. ವಾಸನೆ ಹೊಡೆಯಿತೆಂದರೆ ಸೋರಿರುವುದು ಖಾತ್ರಿ.

ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ಇಕ್ಕಳದಲ್ಲಿ ಹಿಡಿದು ತಿರುವಿ ಕೀಳುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಕಿಲುಬು ಹಿಡಿದ ತಾಮ್ರದ ಪ್ಯಾಡು ಬೋರ್ಡಿನಿಂದಲೇ ಎದ್ದು ಬಂದರೆ ಆಮೇಲೆ ಬೆಸೆಯಲು ಜಾಗವೇ ಇರದು. ಎರಡು ಐರನ್‌ಗಳನ್ನು ಎರಡು ಕಾಲಿಗೆ ಒಟ್ಟಿಗೆ ತಾಗಿಸುವುದು ನನ್ನ ಮೆಚ್ಚಿನ ದಾರಿ. ಮೊದಲು ಫ್ಲಕ್ಸ್ ಹಚ್ಚಿ, ಹಳೆಯ ಬೆಸುಗೆಯ ಮೇಲೆ ಸ್ವಲ್ಪ ಹೊಸ ತವರ-ಸೀಸದ ಬೆಸುಗೆ ಬೆರೆಸಿ. 63ಕ್ಕೆ 37ರ ಮಿಶ್ರಣ 183 ಡಿಗ್ರಿಗೇ ಕರಗುತ್ತದೆ. ಎರಡೂ ಕಡೆ ಕರಗಿದ ಗಳಿಗೆಯಲ್ಲಿ ಡಬ್ಬಿ ತಾನಾಗಿ ಈಜಿದಂತೆ ಪಕ್ಕಕ್ಕೆ ಸರಿಯುತ್ತದೆ. ಆ ಗಳಿಗೆಯ ಖುಷಿಯನ್ನು ಕೈಯಾರೆ ಅನುಭವಿಸಬೇಕು! ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕವಿರಲಿ. ಆಮೇಲೆ ಇಡೀ ಬೋರ್ಡಿಗೆ ಸ್ನಾನ. ಡಿಸ್ಟಿಲ್ಡ್ ನೀರಿನಲ್ಲಿ ಮೆದು ಬ್ರಷ್ಷಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಚೆನ್ನಾಗಿ ಒಣಗಲು ಬಿಡಬೇಕು. ಅಮೆರಿಕದಲ್ಲಿ ಬೋರ್ಡನ್ನು ಪಾತ್ರೆ ತೊಳೆಯುವ ಯಂತ್ರಕ್ಕೇ ಹಾಕುವ ಧೀರರೂ ಇದ್ದಾರೆ. ಬೋರ್ಡು ಬದುಕುತ್ತದೆ!

ಹೊಸ ಕೆಪಾಸಿಟರ್ ಕೂಡಿಸುವಾಗ ಒಂದು ಜಾಗದಲ್ಲಿ ಉಸಿರು ಬಿಗಿಹಿಡಿಯಬೇಕು. ಇವಕ್ಕೆ ಪ್ಲಸ್ಸು ಮೈನಸ್ಸಿನ ಭೇದವಿದೆ. ತಲೆಕೆಳಗಾಗಿ ಹಾಕಿದರೆ ಆಕ್ಸೈಡ್ ಪದರ ಕರಗಿ, ಒಳಗೆ ಅನಿಲ ತುಂಬಿ, ಡಬ್ಬಿ ಒಡೆಯುತ್ತದೆ. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಕಪ್ಪು ಪಟ್ಟಿ ಮೈನಸ್ಸಿನ ಗುರುತು. ಮತ್ತೆ ಸೋರುವ ಗೋಳೇ ಬೇಡವೆಂದು ಬಹಳ ಮಂದಿ ಅದರ ಬದಲಿಗೆ ದ್ರವವೇ ಇಲ್ಲದ ಟ್ಯಾಂಟಲಮ್ ಕೆಪಾಸಿಟರ್ ಹಾಕುತ್ತಾರೆ. ಅದರ ಮೇಲಿನ ಪಟ್ಟಿ ಪ್ಲಸ್ಸಿನ ಗುರುತು! ಒಂದೇ ಜಾಗ, ಒಂದೇ ಕೆಲಸ, ಗುರುತು ಮಾತ್ರ ತಿರುಗುಮುರುಗು. ಟ್ಯಾಂಟಲಮ್ ತಲೆಕೆಳಗಾದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಎರಡು ಸಲ ನೋಡಿ, ಮೂರನೆಯ ಸಲ ಬೇರೆಯವರಿಗೆ ತೋರಿಸಿ, ಆಮೇಲೆ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವ ವಸ್ತುಗಳಿವು. ಅಷ್ಟರಿಂದ ಇಷ್ಟು ದೊಡ್ಡ ಯಂತ್ರ ಎದ್ದು ಕೂರುತ್ತದೆ.

ಕೂರದಿದ್ದರೆ? ಆಗ ಪತ್ತೇದಾರಿಕೆ ಶುರು. ಮಲ್ಟಿಮೀಟರನ್ನು ಪೀಪಿಗೆ ಇಟ್ಟು, ನಕ್ಷೆ ಹರಡಿಕೊಂಡು, ಒಂದೊಂದೇ ತಾಮ್ರದ ಗೆರೆಯ ಈ ತುದಿ ಆ ತುದಿ ಮುಟ್ಟುತ್ತಾ ಹೋಗಬೇಕು. ಪೀಪಿ ಕೇಳದ ಕಡೆ ಗೆರೆ ತುಂಡಾಗಿದೆ. ಅಲ್ಲಿ ಎಳೆಯಷ್ಟು ಸಣ್ಣ ತಂತಿಯ ಸೇತುವೆ. ಕಿಲುಬು ಮಿತಿಮೀರಿದ ಬೋರ್ಡುಗಳಿಗೆ ಹವ್ಯಾಸಿಗಳು ಕಂಡುಕೊಂಡ ದಾರಿಯಂತೂ ನಂಬಲಿಕ್ಕೇ ಆಗದಂಥದು. ಎಸ್‌ಇ/30ರ ಬೋರ್ಡಿನ ಪ್ರತಿ ಗೆರೆಯನ್ನೂ ಪ್ರತಿ ರಂಧ್ರವನ್ನೂ ಮತ್ತೆ ಚಿತ್ರಿಸಿ, ಹೊಚ್ಚಹೊಸ ಬೋರ್ಡು ಅಚ್ಚು ಹಾಕಿಸಿ, ಹಳೆಯ ಚಿಪ್ಪುಗಳನ್ನು ಒಂದೊಂದಾಗಿ ಅದಕ್ಕೆ ವರ್ಗಾಯಿಸಿದ್ದಾರೆ. ದೇಹ ಹೊಸದು, ಮಿದುಳು 1989ರದು!

ಕೆಲಸ ಮುಗಿದು ಪ್ಲಗ್ ಹಾಕಿದಾಗ ಮೊದಲು ನಾದ ಕೇಳುತ್ತದೆ. ಸೊರಗಿದ ದನಿಯಲ್ಲ, ತುಂಬಿದ ನಾದ. ಪಟ್ಟೆಗಳು ಮಾಯವಾಗಿ ಪರದೆ ತಿಳಿಬೂದು ಬಣ್ಣಕ್ಕೆ ತಿರುಗುತ್ತದೆ. ನಡುವೆ ಕಲಾವಿದೆ ಸೂಸನ್ ಕೇರ್ ಬಿಡಿಸಿದ ನಗುಮುಖದ ಪುಟಾಣಿ ಕಂಪ್ಯೂಟರ್ ಮೂಡುತ್ತದೆ. ಪ್ರೊಸೆಸರ್ ಇಷ್ಟು ವರ್ಷವೂ ಸರಿಯಾಗಿಯೇ ಇತ್ತು!

ಇದು ಒಂದು ಮ್ಯಾಕಿನ ಕತೆಯಲ್ಲ. ಅದೇ ಕಾಲದ ಅಮಿಗಾ 600, ಅಮಿಗಾ 1200 ಕಂಪ್ಯೂಟರುಗಳು, ಸೇಗಾ ಕಂಪನಿಯ ಗೇಮ್ ಗಿಯರ್ ಆಟದ ಯಂತ್ರ ಎಲ್ಲವೂ ಇಂಥ ಡಬ್ಬಿಗಳ ಸೋರಿಕೆಯಿಂದಲೇ ಮೂಕವಾದವು, ಕುರುಡಾದವು. ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋದಲ್ಲಿ ಕೈಕೊಡುವುದು ಬೇರೆ ಜಾತಿಯದು. ಪವರ್ ಸಪ್ಲೈ ಒಳಗಿನ ಕಾಗದದ ಕೆಪಾಸಿಟರಿನ ಕವಚ ಬಿರಿದು, ತೇವ ಒಳಹೋಗಿ, ಸ್ವಿಚ್ ಹಾಕಿದ ಕೆಲವೇ ಹೊತ್ತಿನಲ್ಲಿ ಕೋಣೆ ತುಂಬ ಹೊಗೆ. ಈ ಬಿಬಿಸಿ ಮೈಕ್ರೋ ನಮಗೂ ನೆಂಟ! 1984ರಲ್ಲಿ ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಭಾರತ ಸರ್ಕಾರ ಶುರುಮಾಡಿದ ‘ಕ್ಲಾಸ್’ ಯೋಜನೆಯಲ್ಲಿ ಬಂದ ಯಂತ್ರ ಅದೇ. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಅದನ್ನು ಯೂನಿಕಾರ್ನ್ ಹೆಸರಿನಲ್ಲಿ ಇಲ್ಲೂ ಹೊರತಂದಿತ್ತು. ಯಾವುದೋ ಶಾಲೆಯ ಬೀರುವಿನಲ್ಲಿ ಇನ್ನೂ ಒಂದೆರಡು ಮಲಗಿರಬಹುದು ಎಂಬ ಆಸೆ ನನಗೆ ಇದ್ದೇ ಇದೆ. ಇವಕ್ಕಿಂತ ಹಳೆಯವೂ ಬದುಕಿವೆ. ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ 1960ರ ಸುಮಾರಿನ ಪಿಡಿಪಿ-1 ಕಂಪ್ಯೂಟರ್ ಇವತ್ತಿಗೂ ಓಡುತ್ತದೆ. 1962ರ ‘ಸ್ಪೇಸ್‌ವಾರ್’ ಆಟವನ್ನು ಅದರ ದುಂಡು ಪರದೆಯಲ್ಲಿ ಆಡಿಸಿ ತೋರಿಸುತ್ತಾರೆ. ಬೇ ಏರಿಯಾದಲ್ಲಿರುವ ಕನ್ನಡಿಗರು ಒಂದು ವಾರಾಂತ್ಯ ಅದಕ್ಕೆ ಮೀಸಲಿಡಲೇಬೇಕು. ಅಂಥ ಹಳೆಯ ಯಂತ್ರಗಳ ದೊಡ್ಡ ಕೆಪಾಸಿಟರ್‌ಗಳನ್ನು ಎಸೆಯಲೇಬೇಕೆಂದಿಲ್ಲ. ವೋಲ್ಟೇಜನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದರೆ ಸವೆದ ಆಕ್ಸೈಡ್ ಪದರ ಒಳಗೇ ಮತ್ತೆ ಬೆಳೆಯುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ, ಮಾವನ ಆಫೀಸಿನ ಮೂಲೆಯಲ್ಲಿ, ಗುಜರಿ ಅಂಗಡಿಯ ರಾಶಿಯಲ್ಲಿ ಇಂಥದೊಂದು ಹಳೆಯ ಕಂಪ್ಯೂಟರ್ ಸಿಕ್ಕೀತು. ಸಿಕ್ಕಿದರೆ ದಯವಿಟ್ಟು ಕುತೂಹಲಕ್ಕೆಂದು ಪ್ಲಗ್ ಹಾಕಬೇಡಿ. ಸೋರಿದ ಬೋರ್ಡಿನಲ್ಲಿ ಕರೆಂಟು ಹರಿದರೆ ತಾಮ್ರದ ಗೆರೆಗಳು ಇನ್ನೂ ಬೇಗ ಕರಗುತ್ತವೆ. ಗುಜರಿಗೆ ಕೊಡುವುದಂತೂ ಬೇಡವೇ ಬೇಡ. ತಿಳಿದವರನ್ನು ಹುಡುಕಿ, ಕವಚ ತೆಗೆಸಿ, ಕೆಪಾಸಿಟರ್‌ಗಳನ್ನು ತೋರಿಸಿ. ಒಳಗೆ ಅರ್ಧ ಬೆರಳಿನಷ್ಟು ಉದ್ದದ 3.6 ವೋಲ್ಟಿನ ಲಿಥಿಯಂ ಬ್ಯಾಟರಿ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಹೊರಗೆ ತೆಗೆಸಿಬಿಡಿ. ಕೆಪಾಸಿಟರಿನ ಸೋರಿಕೆಯನ್ನು ತೊಳೆಯಬಹುದು, ಆ ಬ್ಯಾಟರಿ ಒಡೆದರೆ ಬೋರ್ಡು ಉಳಿಯುವುದು ಕಷ್ಟ.